ನೋಡಿ ಕಟ್ಟಿದ ಮನೆ

ಇಪ್ಪತ್ತೆಂಟು ವರ್ಷ ಗ್ಯಾಸ್ ಮೀಟರ್ ಓದಿದವನು ನಾನು.
ಹಾರ್ಲನ್ ಸೈಡಿಂಗ್ ಊರಿನ ಮುಖಗಳಿಗಿಂತ
ನೆಲಮಾಳಿಗೆಗಳು ನನಗೆ ಹೆಚ್ಚು ಪರಿಚಯ.
ಯಾರ ಮೆಟ್ಟಿಲಲ್ಲಿ ಮೂರನೆಯದು ಸಡಿಲ,
ಯಾರು ಖಾಲಿ ಬಾಟಲಿಗಳನ್ನು ಬಾಯ್ಲರಿನ ಹಿಂದೆ ಅಡಗಿಸುತ್ತಾರೆ,
ಹೇಳಬಾರದು; ಹೇಳಿಯೂ ಇಲ್ಲ.

ತಲೆ ಎತ್ತಿದರೆ ತೊಲೆಗಳು.
ಕೆಲವು ಮನೆಗಳಲ್ಲಿ ಮಾತ್ರ, ತೊಲೆಯ ತುದಿಯಿಂದ ಗೇಣು ದೂರ,
ಮಸಿಯಲ್ಲಿ ಒತ್ತಿದ ಒಂದು ಅಕ್ಷರ, ಒಂದು ಅಂಕೆ,
ಕುರಿಯ ಕಿವಿಗೆ ಹಾಕಿದ ಗುರುತಿನಂತೆ.

ಮೊದಲು ಲೆಕ್ಕಿಸಲಿಲ್ಲ. ಆಮೇಲೆ ಹುಚ್ಚು ಹಿಡಿಯಿತು.
ಹರಾಜಿನಲ್ಲಿ ಹನ್ನೊಂದು ಡಾಲರಿಗೆ ಹಳೆಯ ಕ್ಯಾಟಲಾಗ್ ಸಿಕ್ಕಿತು:
ಹೊಲಿಗೆ ಯಂತ್ರ, ಕುದುರೆಯ ಜೀನು, ಹಲ್ಲುಪುಡಿ,
ಪುಟ ತಿರುಗಿಸಿದರೆ ಮನೆ.
ಅಂಚೆಯಲ್ಲಿ ದುಡ್ಡು ಹೋದರೆ ರೈಲಿನಲ್ಲಿ ಮನೆ ಬರುತ್ತಿತ್ತು,
ಕತ್ತರಿಸಿದ ಮರ, ತೂಗಿದ ಮೊಳೆ, ಗಾಜು, ಬಣ್ಣ,
ಕರೆಗಂಟೆಯ ಗುಂಡಿಯವರೆಗೆ.

ಹೊರಗಿನಿಂದ ನೋಡಿ 'ಅದೇ' ಎಂದವರು ಬೇಸ್ತು ಬೀಳುತ್ತಾರೆ.
ನಾನೂ ಬಿದ್ದಿದ್ದೇನೆ. ಬರ್ಚ್ ಬೀದಿಯ ಹಸಿರು ಮನೆ:
ಅದೇ ಕಮಾನು, ಅದೇ ಒತ್ತಾಗಿ ನಿಂತ ಮೂರು ಕಿಟಕಿ,
ಟೇಪು ಹಿಡಿದರೆ ಎರಡಡಿ ಹೆಚ್ಚು.
ಯಾವನೋ ಬಡಗಿ ಚಿತ್ರ ನೋಡಿ ಕದ್ದಿದ್ದ.
ಚೆನ್ನಾಗಿಯೇ ಕದ್ದಿದ್ದ.

ಆಲ್ಡೋನಾ ರಿಮ್ಕುಸ್ ಮನೆಯ ಗುಟ್ಟನ್ನು
ವರ್ಷಗಟ್ಟಲೆ ಒಳಗಿಟ್ಟುಕೊಂಡಿದ್ದೆ.
"ತಾತ ಕೈಯಾರೆ ಕಟ್ಟಿದ್ದು" ಎಂದು
ಚರ್ಚಿನಲ್ಲಿ, ಬ್ಯಾಂಕಿನಲ್ಲಿ, ಟೊಮೆಟೊ ಮಾರುವಲ್ಲಿ ಹೇಳುವವಳು.
ಗಣಿಯ ಪಾಳಿ ಮುಗಿಸಿ, ಹಣೆಯ ದೀಪ ಆರಿಸದೆ,
ಕಾಜಿಮೆರಾಸ್ ರಾತ್ರಿಯೆಲ್ಲ ಮೊಳೆ ಹೊಡೆದ ಕಥೆ
ಊರಿಗೇ ಬಾಯಿಪಾಠ.

ಆ ಮಾರ್ಚಿನಲ್ಲಿ, ಬಲ್ಬು ಹೋಗಿದೆಯೆಂದು
ಅವಳೇ ನನ್ನ ಹಿಂದೆ ಇಳಿದು ಬಂದಳು.
ನನ್ನ ಟಾರ್ಚು ತೊಲೆಯ ಮೇಲೆ ತುಸು ಹೆಚ್ಚು ಹೊತ್ತು ನಿಂತಿತು.
"ಏನದು?"
ಹೇಳಿದೆ. ಹೇಳಬಾರದಿತ್ತೇನೋ.
ಬಟ್ಟೆಯ ಬುಟ್ಟಿ ಬೋರಲು ಹಾಕಿ ಕೂತಳು.
"ಅಂದರೆ ಕೊಂಡದ್ದು. ಸಾಬೂನಿನ ಹಾಗೆ."

ಮನೆ ಕಟ್ಟಿ ನೋಡು ಎನ್ನುತ್ತಾರೆ.
ನೋಡಿ ಕಟ್ಟಿದವನ ಪಾಡು ಯಾರಿಗೆ ಗೊತ್ತು?
ಇಂಗ್ಲಿಷಿನ ಒಂದು ವಾಕ್ಯ ಓದಲಾರದವನು,
ಕೈಯಲ್ಲಿ ಎಪ್ಪತ್ತು ಪುಟದ ಪುಸ್ತಕ,
ಓದಿದ್ದು ಅಂಕೆ ಮಾತ್ರ.
ಒಂದೊಂದೇ ಹಲಗೆಯನ್ನು ಕರೆದು ಅದರ ಜಾಗಕ್ಕೆ ಕೂರಿಸಿದ,
ಶಾಲೆಯ ಮೊದಲ ದಿನ ಮೇಷ್ಟ್ರು ಮಕ್ಕಳನ್ನು ಕೂರಿಸುವಂತೆ.
ಇದನ್ನೆಲ್ಲ ಅವಳಿಗೆ ಹೇಳಲು ಬಾಯಿ ಬರಲಿಲ್ಲ.
ಸುಮ್ಮನೆ ತೊಲೆ ಎಣಿಸುತ್ತ ಹೋದೆ.

ಹದಿಮೂರನೆಯದಕ್ಕೆ ಗುರುತಿಲ್ಲ. ಅದು ತೊಲೆಯೂ ಅಲ್ಲ:
ಮೂರು ತೆಳು ಹಲಗೆ ಜೋಡಿಸಿ, ಒತ್ತೊತ್ತಾಗಿ ಮೊಳೆ ಹೊಡೆದು
ತೊಲೆಯ ಕೆಲಸಕ್ಕೆ ನಿಲ್ಲಿಸಿದ್ದು.
ರೈಲಿನಲ್ಲಿ ಒಂದು ಕಡಿಮೆ ಬಂದಿರಬೇಕು,
ಇಲ್ಲಾ, ದಾರಿಯಲ್ಲಿ ಯಾರೋ ಒಲೆಗೆ ಹಾಕಿರಬೇಕು.
ಕಾಗದ ಬರೆದು ಕೇಳಲು ಭಾಷೆ ಬೇಕಲ್ಲ.

ಧೂಳೊರೆಸಿದೆ. ಕಿಟಕಿ ಗಾಜು ತುಂಬಿ ಬಂದ ಪೆಟ್ಟಿಗೆಯ ಹಲಗೆ.
ಕುಂಚದಿಂದ ಬಳಿದ ಕಪ್ಪು ಅಕ್ಷರ, ತಲೆಕೆಳಗಾಗಿ:
ಕೆ. ರಿಮ್ಕುಸ್. ಹಾರ್ಲನ್ ಸೈಡಿಂಗ್. ಗಾಜು, ಜೋಪಾನ.

ಆಲ್ಡೋನಾ ಎದ್ದಳು. ಕತ್ತು ವಾಲಿಸಿ
ಮಗುವಿನ ಹಾಗೆ ಅಕ್ಷರ ಕೂಡಿಸಿ ಓದಿದಳು.
ಆಮೇಲೆ ಬೆರಳೆತ್ತಿ ಮೇಲಿನ ನೆಲ ಅಂದಾಜು ಮಾಡಿದಳು:
ಇಲ್ಲಿ ಒಲೆ, ಇಲ್ಲಿ ಮೇಜು...
"ಅಯ್ಯೋ, ಇದು ಆ ಜಾಗ. ಕಿರುಗುಟ್ಟುವ ಜಾಗ.
ಅಜ್ಜಿ ಸಾಯುವ ತನಕ ತಾತನಿಗೆ ಬೈದದ್ದು ಇದಕ್ಕೇ.
ರಾತ್ರಿ ಕದ್ದು ಮನೆಗೆ ಬಂದಾಗೆಲ್ಲ
ನಾನು ಇದನ್ನು ದಾಟಿ ಕಾಲಿಡುತ್ತಿದ್ದೆ."

ಮೆಟ್ಟಿಲು ಹತ್ತಿ ಹೋದಳು.
ನಾನು ಕೆಳಗೇ ಉಳಿದೆ. ನೆತ್ತಿಯ ಮೇಲೆ
ಅಡುಗೆಮನೆಯ ಉದ್ದಕ್ಕೆ ಅವಳ ಹೆಜ್ಜೆ;
ನಿಂತಿತು, ಭಾರ ಬಿಟ್ಟಿತು.
ಕಿರ್ರ್.
ಇನ್ನೊಮ್ಮೆ.

ಆ ತಿಂಗಳು ಮೀಟರ್ ಓದಿದೆನೋ ಇಲ್ಲವೋ.
ಅಂದಾಜಿನ ಬಿಲ್ಲು ಹೋಗಿರಬೇಕು.